ಜಾಫಿಶ್ ಹುಡುಕುವಾಗ ಮೊದಲು ತಳ ನೋಡಿ

ಕೆರಿಬಿಯನ್ ಕಡಲಲ್ಲಿ ಮೀನುಗಳ ಸಮೀಕ್ಷೆ ಮಾಡೋದು ನನ್ನ ಕೆಲಸ. ಟೀಮಿಗೆ ಹೊಸಬರು ಬಂದಾಗ ಹಳದಿ ತಲೆಯ ಜಾಫಿಶ್ ಗುರುತಿಸೋದನ್ನು ಕಲಿಸುತ್ತೇನೆ. ಹೆಸರು ಕೇಳಿದ ಕೂಡಲೇ ಎಲ್ಲರೂ ಹಳದಿ ಬಣ್ಣ ಹುಡುಕಲು ಶುರು ಮಾಡುತ್ತಾರೆ. ಆದರೆ ಎಲ್ಲ ಮೀನಿನ ತಲೆಯೂ ಒಂದೇ ಥರ ಹಳದಿ ಇರಲ್ಲ, ಕೆಲವು ತೀರಾ ಮಂಕು. ಅದಕ್ಕೇ ನಾನು ಹೇಳೋದು, ಮೊದಲು ತಳ ನೋಡಿ.

ಈ ಸಣ್ಣ ಮೀನು ಕಡಲ ತಳದಲ್ಲಿ ಬಿಲ ತೋಡಿಕೊಂಡು ಇರುತ್ತೆ. ಬರೀ ಮರಳಿದ್ದರೆ ಬಿಲ ಕುಸಿಯುತ್ತೆ. ಬರೀ ಬಂಡೆಯಾದರೆ ತೋಡೋಕಾಗಲ್ಲ. ಮರಳಿನ ಜೊತೆ ಹವಳದ ಚೂರು, ಚಿಪ್ಪು, ಸಣ್ಣ ಕಲ್ಲು ಬೆರೆತಿರುವ ಜಾಗ ಇದಕ್ಕೆ ಬೇಕು. ಹವಳದ ದಿಬ್ಬದ ಅಂಚಿನಲ್ಲಿ, ಸುಮಾರು 3ರಿಂದ 40 ಮೀಟರ್ ಆಳದಲ್ಲಿ ಅಂಥ ತಳ ಸಿಕ್ಕರೆ ನಿಂತುಬಿಡಿ. ಉಸಿರು ನಿಧಾನವಾಗಿ ಬಿಡಿ, ಗುಳ್ಳೆಗಳಿಗೂ ಇದು ಹೆದರುತ್ತೆ. ಸ್ವಲ್ಪ ಹೊತ್ತಿಗೆ ಸುಮಾರು 10 ಸೆಂಟಿಮೀಟರ್ ಉದ್ದದ ಮೀನು ಮೇಲೆ ಬಂದು, ತಲೆ ಮೇಲೆ ಬಾಲ ಕೆಳಗೆ ಮಾಡಿ ಬಿಲದ ಮೇಲೆ ತೇಲುತ್ತಾ, ಹರಿದು ಬರುವ ಸೂಕ್ಷ್ಮ ಜೀವಿಗಳನ್ನು ಹೆಕ್ಕಿ ತಿನ್ನುತ್ತೆ. ಹತ್ತಿರ ಹೋದರೆ ಬಾಲ ಮುಂದಾಗಿ ಒಳಗೆ ಇಳಿಯುತ್ತೆ. ಈ ನಿಲುವೇ ಅರ್ಧ ಗುರುತು.

ಇದು ಕಲ್ಲು ಜೋಡಿಸೋದನ್ನು ನೋಡೋಕೆ ನನಗೆ ಇವತ್ತಿಗೂ ಆಸೆ. ಬಾಯಲ್ಲಿ ಚಿಪ್ಪಿನ ಚೂರು ಕಚ್ಚಿ ತಂದು ಬಿಲದ ಬಾಯಿಗೆ ಇಡುತ್ತೆ. ಸರಿ ಕೂರದಿದ್ದರೆ ತೆಗೆದು ಬೇರೆ ಕಡೆ ಇಡುತ್ತೆ. ಕತ್ತಲಾದ ಮೇಲೆ ಒಂದು ಕಲ್ಲು ಎಳೆದು ಬಾಗಿಲು ಮುಚ್ಚಿಕೊಳ್ಳುತ್ತೆ.

ಸಣ್ಣ ಗೋಬಿ ಮೀನಿನ ಜೊತೆ ಗೊಂದಲ ಆಗೋದುಂಟು. ಗೋಬಿಗೆ ಸಾಮಾನ್ಯವಾಗಿ ಬೆನ್ನಿನ ಮೇಲೆ ಎರಡು ರೆಕ್ಕೆ. ಜಾಫಿಶ್‌ಗೆ ಉದ್ದಕ್ಕೂ ಒಂದೇ. ದೊಡ್ಡ ಕಣ್ಣು, ದೊಡ್ಡ ಬಾಯಿ, ತಲೆಯ ಮೇಲೆ ಹುರುಪೆ ಇಲ್ಲ. ಇದೇ ಕಡಲಲ್ಲಿ ಕಂದು ಮಚ್ಚೆಯ ಇನ್ನೊಂದು ಜಾಫಿಶ್ ಇದೆ, ಡಸ್ಕಿ ಅಂತಾರೆ. ಅದು ಇಷ್ಟು ಮೇಲೆ ತೇಲಲ್ಲ, ಹೆಚ್ಚಾಗಿ ಬಿಲದಿಂದ ತಲೆ ಮಾತ್ರ ಹೊರಗಿಟ್ಟಿರುತ್ತೆ. ಡಸ್ಕಿಯ ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿರುವ ನೀಲಿ ಚುಕ್ಕೆಯನ್ನೂ ನೋಡಿ.

ಕೆಲವೊಮ್ಮೆ ಬಾಯಿ ತುಂಬಾ ಮೊಟ್ಟೆ ಕಾಣುತ್ತೆ. ಅದು ಗಂಡು. ಮರಿಯಾಗುವವರೆಗೂ ಮೊಟ್ಟೆಗಳನ್ನು ಬಾಯಲ್ಲೇ ಕಾಪಾಡುತ್ತೆ, ಆಗಾಗ ಹೊರಳಿಸಿ ಗಾಳಿಯಾಡಿಸುತ್ತೆ. ಮೊಟ್ಟೆಯೊಳಗೆ ಬೆಳ್ಳಿ ಬಣ್ಣದ ಕಣ್ಣು ಮಿನುಗುತ್ತಿದ್ದರೆ ಒಡೆಯುವ ಹೊತ್ತು ಹತ್ತಿರ ಅಂತ. ಅಂಥ ಮೀನಿನ ಮುಂದೆ ಕ್ಯಾಮೆರಾ ಚಾಚಬೇಡಿ. ದೂರದಿಂದಲೇ ತಳ, ಆಳ, ಮೊಟ್ಟೆಯ ಬಣ್ಣ ಸ್ಲೇಟಿನಲ್ಲಿ ಬರೆದುಕೊಂಡು ಮುಂದಿನ ಬಿಲಕ್ಕೆ ಹೋಗಿ.