ಎಚ್‌ಯು ಎಷ್ಟು ಬಂದಿದೆ ಎಂದು ಕೇಳುವವರಿಗೆ

"ಕಿಡ್ನಿ ಕಲ್ಲಿಗೆ 1,100 ಎಚ್‌ಯು ಬಂದಿದೆ, ಜಾಸ್ತಿಯಾಯಿತೇ?"

ನಾನು ಸಿಟಿ ಸ್ಕ್ಯಾನ್ ಯಂತ್ರ ನಡೆಸುವವನೆಂದು ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ. ಆ ಕಲ್ಲು ಎಕ್ಸ್-ರೇ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಈ ಎಚ್‌ಯು. ನೀರಿಗೆ 0, ಗಾಳಿಗೆ -1,000, ಕೊಬ್ಬಿಗೆ ಸುಮಾರು -100. ಯೂರಿಕ್ ಆಮ್ಲದ ಕಲ್ಲು ಸಾಮಾನ್ಯವಾಗಿ 500ರೊಳಗೆ ಇರುತ್ತದೆ. ಕ್ಯಾಲ್ಸಿಯಂ ಕಲ್ಲು 1,000 ದಾಟುವುದುಂಟು, ಅಂಥದ್ದನ್ನು ಹೊರಗಿನಿಂದ ಆಘಾತ ತರಂಗ ಕೊಟ್ಟು ಪುಡಿ ಮಾಡುವುದು ಕಷ್ಟ. ಮುಂದಿನದು ನಿಮ್ಮ ವೈದ್ಯರಿಗೆ ಬಿಟ್ಟದ್ದು. ನನಗೆ ವರದಿಯ ಫೋಟೊ ಕಳುಹಿಸಬೇಡಿ.

ಕಳೆದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ಅನ್ನಕ್ಕೆ ಸಾರು ಬಿದ್ದಿದೆ, ಕಲಸಲು ಕೈಯಿಟ್ಟಿದ್ದೇನೆ, ಪಕ್ಕದವರು ಮೊಬೈಲನ್ನು ಮೂಗಿನ ಹತ್ತಿರ ಹಿಡಿದರು. "ನಮ್ಮ ಬಾವನಿಗೆ 640, ನನಗೆ 1,100. ಯಾರದು ಮೇಲು?" ಬಾವ ಎದುರು ಸಾಲಿನಲ್ಲಿ ಊಟ ನಿಲ್ಲಿಸಿ ಫಲಿತಾಂಶಕ್ಕೆ ಕಾಯುತ್ತಿದ್ದರು. ಸಾರು ಎಲೆಯಂಚು ದಾಟಿ ಹರಿಯಿತು. ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಎಚ್‌ಯು, ಎಚ್‌ಯು ಎಂದು ಅಷ್ಟು ಸಲ ಅಂದರಲ್ಲ, ಆ ಎಚ್ ಯಾರು ಎಂದು ಒಬ್ಬರಾದರೂ ಕೇಳಬಾರದೇ?

ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಸಿಟಿ ಸ್ಕ್ಯಾನ್ ಯಂತ್ರವನ್ನು ಕಟ್ಟಿದವರು. ಎಚ್‌ಯು ಎಂದರೆ ಹೌನ್ಸ್‌ಫೀಲ್ಡ್ ಯೂನಿಟ್. 1919ರಲ್ಲಿ ಇಂಗ್ಲೆಂಡಿನ ನ್ಯೂಅರ್ಕ್‌ನಲ್ಲಿ ಹುಟ್ಟಿದರು. ಬೆಳೆದದ್ದು ಹೊಲದ ನಡುವೆ, ಐವರು ಮಕ್ಕಳಲ್ಲಿ ಕೊನೆಯವರಾಗಿ. ಕೈಯಾರೆ ಮಾಡಿದ ಗ್ಲೈಡರ್ ಹಿಡಿದು ಹುಲ್ಲಿನ ಬಣವೆಯಿಂದ ಹಾರಿದ ಹುಡುಗ. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದು ರೇಡಾರ್ ಕಲಿತರು, ಆಮೇಲೆ ಲಂಡನ್ನಿನ ಫ್ಯಾರಡೆ ಹೌಸ್‌ನಲ್ಲಿ ಡಿಪ್ಲೊಮಾ ಮಾಡಿದರು. ವೈದ್ಯರಲ್ಲ, ಪಿಎಚ್‌ಡಿಯೂ ಇಲ್ಲ. ಡಿಪ್ಲೊಮಾ ಓದಿ ಈ ಕೆಲಸಕ್ಕೆ ಬಂದು, "ನೀವು ಡಾಕ್ಟರ್ ಅಲ್ಲವೇ?" ಎಂಬ ಮಾತನ್ನು ದಿನವೂ ಕೇಳುವ ನನಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ಮುಚ್ಚಿಡುವುದಿಲ್ಲ.

ಇಎಂಐ ಕಂಪನಿಯ ಪ್ರಯೋಗಾಲಯದಲ್ಲಿ ಅವರು ಮೊದಲ ಸಾಧನವನ್ನು ಕಟ್ಟಿದ್ದು ಲೇತ್ ಯಂತ್ರದ ಹಾಸಿನ ಮೇಲೆ. ಅದರಲ್ಲಿ ಬಳಸಿದ ಅಮೆರಿಸಿಯಂ ಎಂಬ ವಿಕಿರಣಶೀಲ ಲೋಹ ಸೂಸುವ ಗಾಮಾ ಕಿರಣ ತೀರಾ ಕ್ಷೀಣ. ಅದನ್ನು ಹಲವು ಕೋನಗಳಿಂದ ಹಾಯಿಸಿ, ಎಷ್ಟು ದಾಟಿ ಬಂತೆಂದು ಅಳೆಯಬೇಕು. ಒಂದೇ ಒಂದು ಚಿತ್ರಕ್ಕೆ 28,000 ಅಳತೆ, ಒಂಬತ್ತು ದಿನ. ಅವನ್ನು ಲೆಕ್ಕ ಹಾಕಲು ಕಂಪ್ಯೂಟರಿಗೆ ಮತ್ತೆ ಎರಡೂವರೆ ಗಂಟೆ. ಪರೀಕ್ಷೆಗೆ ಬೇಕಾದ ಎತ್ತಿನ ಮಿದುಳನ್ನು ತಾವೇ ಹೊತ್ತು ಲಂಡನ್ ದಾಟಿ ತರುತ್ತಿದ್ದರು. ನಮ್ಮಲ್ಲಿ ಹತ್ತು ಸೆಕೆಂಡು ಉಸಿರು ಹಿಡಿದವರು ಉಸಿರು ಬಿಟ್ಟೊಡನೆ "ಇಷ್ಟು ಹೊತ್ತೇ?" ಎನ್ನುತ್ತಾರೆ.

1971ರ ಅಕ್ಟೋಬರ್ 1ರಂದು ವಿಂಬಲ್ಡನ್‌ನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಮಿದುಳಿನಲ್ಲಿ ಗಡ್ಡೆಯಿರಬಹುದೆಂಬ ಶಂಕೆಯಿದ್ದ ಮಹಿಳೆಯೊಬ್ಬರು ಹೌನ್ಸ್‌ಫೀಲ್ಡ್ ಆಮೇಲೆ ಕಟ್ಟಿದ ಎಕ್ಸ್-ರೇ ಯಂತ್ರದೊಳಗೆ ತಲೆಯಿಟ್ಟು ಮಲಗಿದರು. ಆ ಕಾಲದಲ್ಲಿ ಮಿದುಳಿನೊಳಗೆ ನೋಡಲು ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು ಗಾಳಿ ತುಂಬಿಸುತ್ತಿದ್ದರು. ತಲೆ ಸಿಡಿದುಹೋಗುವಂಥ ನೋವು. ಈ ಯಂತ್ರಕ್ಕೆ ಅದು ಬೇಕಾಗಲಿಲ್ಲ. ಗಡ್ಡೆ ಚಿತ್ರದಲ್ಲೇ ಕಂಡಿತು.

ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಇಂಥ ಅಳತೆಗಳಿಂದ ಚಿತ್ರ ಕಟ್ಟುವ, ಹೆಚ್ಚು ಚುರುಕಾದ ಗಣಿತ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಚಿತ್ರದ ಮಸುಕು ತೆಗೆಯುವ ಲೆಕ್ಕಕ್ಕೆ, ಅಂದರೆ ಫಿಲ್ಟರ್‌ಗೆ, ಜಗತ್ತೆಲ್ಲ ಇಂದಿಗೂ ರಾಮ್-ಲಾಕ್ ಎನ್ನುತ್ತದೆ. ಇದನ್ನೂ ಯಾರೂ ನನ್ನನ್ನು ಕೇಳಿಲ್ಲ.

1979ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೆ ನೊಬೆಲ್ ಬಂತು. ಸಿಟಿಯ ಗಣಿತವನ್ನು ಬೇರೆಯಾಗಿಯೇ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ಜೊತೆ ಹಂಚಿಕೊಂಡರು. 2004ರಲ್ಲಿ ತೀರಿಕೊಂಡರು.

ಬೆಳಿಗ್ಗೆ ಮೊದಲ ರೋಗಿ ಬರುವ ಮುನ್ನ ನಾನು ಮೇಜಿನ ಮೇಲೆ ನೀರು ತುಂಬಿದ ದುಂಡನೆಯ ಪಾತ್ರೆಯೊಂದನ್ನಿಟ್ಟು ಸ್ಕ್ಯಾನ್ ಮಾಡುತ್ತೇನೆ. ನೀರು ಸೊನ್ನೆಯ ಆಸುಪಾಸಿನಲ್ಲಿದೆಯೇ ಎಂದು ನೋಡುತ್ತೇನೆ. ಇದ್ದರೆ ಪುಸ್ತಕದಲ್ಲಿ ಬರೆದು ಸಹಿ ಹಾಕಿ, ಬಾಗಿಲು ತೆರೆದು ಮೊದಲನೆಯವರ ಹೆಸರು ಕರೆಯುತ್ತೇನೆ.