ತಿಳಿ ಹಸರೋ, ತೊಗರಿಬ್ಯಾಳಿ ಹಳದಿನೋ

ಪಡಸಾಲಿ ಬಾಜು ಖೋಲಿಗೆ ಬಣ್ಣ ಹಚ್ಚಸೋದಿತ್ತು. ನನಗ ತಿಳಿ ಹಸರು ಬೇಕು, ನಮ್ಮಾಕಿಗೆ ತೊಗರಿಬ್ಯಾಳಿ ಹಳದಿ. ಶೇಡ್ ಕಾರ್ಡಿನ್ಯಾಗ ಎರಡೂ ಚಂದನ ಕಾಣತಿದ್ವು. ಆ ಬೆರಳಗಲದ ಚೌಕ ನಂಬಿದ್ರ ಕೆಟ್ಟಿರಿ. ಅದಕ್ಕ ಸಣ್ಣ ಡಬ್ಬಿ ಎರಡು ತಂದು, ಗೋಡಿ ಮ್ಯಾಲ ಎರಡೆರಡು ಅಡಿ ಅಗಲ, ಎರಡು ಕೋಟ್ ಹೊಡದ್ವಿ. ಬಣ್ಣ ಹಸಿ ಇದ್ದಾಗ ಒಂದು ಥರ ಕಾಣತದ, ಒಣಗಿದ ಮ್ಯಾಲ ಇನ್ನೊಂದು ಥರ.

ಖೋಲಿ ಕಿಟಕಿ ಪಡುವಣಕ್ಕ ಅದ. ಕಲಬುರಗಿ, ಮೇ ತಿಂಗಳು, 42 ಡಿಗ್ರಿ. ಸಂಜಿ ನಾಕಕ್ಕ ಬಿಸಲು ಬಿತ್ತು ನೋಡ್ರಿ, ಹಳದಿ ಗೋಡಿ ಒಲಿ ಹಚ್ಚಿದಂಗ ಉರಿಲಾಕತ್ತು. ಹಸರು ಮಾತ್ರ ತಂಪಗ ಕುಂತಿತ್ತು. ಗೆದ್ದೆ ಅಂದ್ಕೊಂಡೆ.

ರಾತ್ರಿ ಟ್ಯೂಬ್‌ಲೈಟ್ ಹಚ್ಚಿದ್ರ, ಕೆಳಗಿನ ಶಹಾಬಾದ್ ಫರಸಿ ಬೂದಿ ಬಣ್ಣನೂ ಕೂಡಿ ಹಸರು ಥೇಟ್ ದವಾಖಾನಿ ವಾರ್ಡು! ಅವ್ವ ಬಾಗಲದಾಗ ನಿಂತು, “ಇಲ್ಲಿ ಮಲಗಿದ್ರ ಸಲಾಯಿನ್ ಹಚ್ಚತಾರೇನಪ್ಪಾ?” ಅಂದ್ಳು.

ಟ್ಯೂಬ್ ತಗದು ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ಹಾಕಿದೆ. ಹಸರಿಗೆ ಜೀವ ಬಂತು, ಅದೇ ಖಾಯಂ ಆತು. ಉಳದ ತೊಗರಿಬ್ಯಾಳಿ ಡಬ್ಬಿ ದೇವರ ಮಾಡಕ್ಕ ಸಾಕಾತು. ಬಂದೋರಿಗೆಲ್ಲ ನಮ್ಮಾಕಿ ಮೊದಲು ಅದನ್ನೇ ತೋರಸ್ತಾಳ.