ವೀಸಾ ಬೇಡದ ದೇಶಕ್ಕೆ ಹೊರಡುವ ಮುನ್ನ ಕೈಯಲ್ಲಿರಬೇಕಾದ ಕಾಗದಗಳು

ಕಾಫಿ ಕೊಯ್ಲು ಮುಗಿದು, ಹೂಮಳೆಗೆ ಇನ್ನೂ ಸಮಯವಿರುವ ದಿನಗಳಲ್ಲಿ ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಥಾಯ್ಲೆಂಡ್, ಮಲೇಷ್ಯಾ ಎಂಬ ಹೆಸರುಗಳು ಕೇಳಿಬರುವುದು ಈಚೆಗೆ ಸಾಮಾನ್ಯವಾಗಿದೆ. ಭಾರತೀಯರಿಗೆ ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ 30 ದಿನಗಳ ವೀಸಾ ವಿನಾಯಿತಿ ಕೊಟ್ಟು, 2024ರ ಜುಲೈ 15ರಿಂದ ಅದನ್ನು 60 ದಿನಗಳಿಗೆ ಏರಿಸಿತು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನಗಳ ವಾಸಕ್ಕೆ ಅವಕಾಶ ನೀಡಿ, ಆ ಸೌಲಭ್ಯವನ್ನು 2026ರ ಕೊನೆಯವರೆಗೆ ವಿಸ್ತರಿಸಿತು. ಬಂಧುಬಳಗದಲ್ಲಿ ಅರ್ಜಿ ತುಂಬಿಕೊಡುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ, ಹೊರಡುವವರ ಕಾಗದಪತ್ರಗಳೆಲ್ಲ ಒಂದು ಸಲ ನನ್ನ ಮೇಜಿನ ಮೇಲೆ ಬಂದು ಕೂರುತ್ತವೆ. "ವೀಸಾನೇ ಬೇಡ ಅಂದ್ಮೇಲೆ ಇಷ್ಟೆಲ್ಲಾ ಯಾಕಪ್ಪಾ?" ಎಂದು ನಮ್ಮ ಚಿಕ್ಕಪ್ಪನವರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ವೀಸಾ ಇದ್ದಾಗ ಪರಿಶೀಲನೆ ಮೊದಲೇ ನಡೆದಿರುತ್ತದೆ. ರಾಯಭಾರ ಕಚೇರಿಯವರು ನಮ್ಮ ಬ್ಯಾಂಕ್ ಖಾತೆ, ಟಿಕೆಟ್, ಉಳಿಯುವ ಜಾಗ ಎಲ್ಲವನ್ನೂ ನೋಡಿ ಮುದ್ರೆ ಒತ್ತಿರುತ್ತಾರೆ. ವೀಸಾ ರದ್ದಾದರೆ ಆ ಪರಿಶೀಲನೆಯೇನೂ ರದ್ದಾಗುವುದಿಲ್ಲ. ಅದು ವಿಮಾನ ನಿಲ್ದಾಣಕ್ಕೆ ವರ್ಗವಾಗುತ್ತದೆ, ಅಷ್ಟೇ. ರಾಯಭಾರ ಕಚೇರಿಗೆ ಸಲ್ಲಿಸಬೇಕಾಗಿದ್ದ ಪುರಾವೆಗಳನ್ನು ನಾವೇ ಕೈಯಲ್ಲಿ ಹಿಡಿದು ಹೊರಡಬೇಕಾಗುತ್ತದೆ. ಹಾಸನದಿಂದ ದೇವನಹಳ್ಳಿಗೆ ನಾಲ್ಕೈದು ಗಂಟೆಯ ದಾರಿ ಇರುವಾಗ, ಮನೆಯಲ್ಲಿ ಮರೆತ ಕಾಗದವನ್ನು ತರಿಸಿಕೊಳ್ಳುವ ಮಾತೇ ಇಲ್ಲ.

ಮೊದಲು ನಮ್ಮನ್ನು ತಡೆಯಬಲ್ಲವರು ಆ ದೇಶದ ಅಧಿಕಾರಿಗಳಲ್ಲ, ಬೆಂಗಳೂರಿನಲ್ಲೇ ಬೋರ್ಡಿಂಗ್ ಪಾಸ್ ಕೊಡುವ ವಿಮಾನ ಸಂಸ್ಥೆಯ ಸಿಬ್ಬಂದಿ ಎಂಬುದು ಅನೇಕರಿಗೆ ತಿಳಿದಿಲ್ಲ. ಪ್ರವೇಶ ಸಿಗದ ಪ್ರಯಾಣಿಕನನ್ನು ವಾಪಸ್ ಕರೆತರುವ ಹೊಣೆ ಕರೆದೊಯ್ದ ಸಂಸ್ಥೆಯ ಮೇಲೇ ಬೀಳುತ್ತದೆ, ಹಲವು ದೇಶಗಳಲ್ಲಿ ಅದಕ್ಕೆ ದಂಡವೂ ಇದೆ. ಹಾಗಾಗಿ ಅವರು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಅಯಾಟಾದ ಟಿಮ್ಯಾಟಿಕ್ ಎಂಬ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ತೆರೆದು, ಅದರಲ್ಲಿ ಬರೆದಿರುವುದಕ್ಕೆ ನಮ್ಮ ಕಾಗದಗಳನ್ನು ತಾಳೆ ನೋಡುತ್ತಾರೆ. ಅಲ್ಲಿ ವಾದಕ್ಕೆ ಜಾಗವಿಲ್ಲ.

ಹೆಚ್ಚು ಜನ ಎಡವುವುದು ಪಾಸ್‌ಪೋರ್ಟಿನ ಅವಧಿಯಲ್ಲಿ. ಆ ದೇಶವನ್ನು ತಲುಪುವ ದಿನದಿಂದ ಮುಂದೆ ಕನಿಷ್ಠ ಆರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಈಚೆಗೆ ಬಂಧುಗಳೊಬ್ಬರು ಇಡೀ ಕುಟುಂಬದ ಪಾಸ್‌ಪೋರ್ಟ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿಟ್ಟಿದ್ದರು. ಹಿರಿಯರದೆಲ್ಲ ಸರಿಯಾಗಿತ್ತು, ಮೊಮ್ಮಗಳ ಪಾಸ್‌ಪೋರ್ಟ್ ಮಾತ್ರ ಸೆಪ್ಟೆಂಬರ್ 12ಕ್ಕೆ ಮುಗಿಯುವುದಿತ್ತು. ಪ್ರಯಾಣ ಏಪ್ರಿಲ್ 5ಕ್ಕೆ. ವಾಪಸ್ ಬಂದ ಮೇಲೂ ಐದು ತಿಂಗಳು ಉಳಿಯುತ್ತದಲ್ಲ ಎಂಬುದು ಅವರ ಲೆಕ್ಕ; ನಿಯಮದ ಲೆಕ್ಕದಲ್ಲಿ ಅದು ಅಕ್ಟೋಬರ್ 5ರವರೆಗಾದರೂ ಇರಬೇಕಿತ್ತು. ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ಬಾಳಿದರೆ ಮಕ್ಕಳದು ಸಾಮಾನ್ಯವಾಗಿ ಐದೇ ವರ್ಷ, ಆದ್ದರಿಂದ ಒಂದೇ ದಿನ ಮಾಡಿಸಿದ್ದರೂ ಒಂದೇ ದಿನ ಮುಗಿಯುವುದಿಲ್ಲ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಮರುವಿತರಣೆಗೆ ಅರ್ಜಿ ಹಾಕಬಹುದು, ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಹಾಸನದಲ್ಲೇ ಇರುವುದರಿಂದ ಬೆಂಗಳೂರಿನ ಓಡಾಟವೂ ಬೇಕಿಲ್ಲ. ಟಿಕೆಟ್ ಕಾಯ್ದಿರಿಸುವ ಮೊದಲು ಇದಾಗಬೇಕು, ಏಕೆಂದರೆ ಹೊಸ ಪಾಸ್‌ಪೋರ್ಟಿಗೆ ಹೊಸ ಸಂಖ್ಯೆ ಬರುತ್ತದೆ.

ಹೆಸರಿನ ವಿಷಯವೂ ನಮ್ಮ ಕಡೆಯವರಿಗೆ ಸ್ವಲ್ಪ ತೊಡಕಿನದು. ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಇನಿಷಿಯಲ್‌ಗಳಲ್ಲಿ ಮುಗಿಸಿ ಬದುಕಿದವರಿಗೆ ಪಾಸ್‌ಪೋರ್ಟಿನಲ್ಲಿ ಅವೆಲ್ಲ ಬಿಡಿಸಿಕೊಂಡು ಬಂದಿರುತ್ತವೆ, ಕೆಲವರಿಗೆ ಉಪನಾಮದ ಜಾಗ ಖಾಲಿಯಾಗಿಯೇ ಉಳಿದಿರುತ್ತದೆ. ಆಧಾರ್‌ನಲ್ಲಿರುವಂತೆ ಟಿಕೆಟ್ ಮಾಡಿಸಿದರೆ ಕೌಂಟರಿನಲ್ಲಿ ತಕರಾರು ಖಚಿತ. ಟಿಕೆಟ್, ಹೋಟೆಲ್, ಆನ್‌ಲೈನ್ ಅರ್ಜಿ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿತವಾಗಿರುವ ಹೆಸರೇ ಇರಬೇಕು. ಉಪನಾಮ ಖಾಲಿ ಇರುವವರು ಟಿಕೆಟ್‌ನಲ್ಲಿ ಆ ಜಾಗವನ್ನು ಹೇಗೆ ತುಂಬಬೇಕೆಂದು ವಿಮಾನ ಸಂಸ್ಥೆಯನ್ನೇ ಕೇಳುವುದು ಒಳ್ಳೆಯದು. ಈ ವಿಷಯದಲ್ಲಿ ಒಬ್ಬೊಬ್ಬರ ಕ್ರಮ ಒಂದೊಂದು.

ಇನ್ನು ಮರಳುವ ಟಿಕೆಟ್. ಅನುಮತಿಸಿದ ದಿನಗಳ ಒಳಗೆ ಆ ದೇಶದಿಂದ ಹೊರಡುವ ಟಿಕೆಟ್ ಇಲ್ಲದವರಿಗೆ ಬೆಂಗಳೂರಿನಲ್ಲೇ ಬೋರ್ಡಿಂಗ್ ಪಾಸ್ ನಿರಾಕರಿಸಬಹುದು. ಉಳಿಯುವ ಜಾಗದ ವಿಳಾಸ ಬೇಕು. ಕೌಲಾಲಂಪುರದಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಹೋಗುವ ತಂದೆ ತಾಯಿಯಾದರೆ ಅವನ ಪೂರ್ಣ ವಿಳಾಸ, ದೂರವಾಣಿ ಸಂಖ್ಯೆ, ಸಾಧ್ಯವಾದರೆ ಅವನಿಂದ ಒಂದು ಪತ್ರ ಜೊತೆಗಿರಲಿ. ಖರ್ಚಿಗೆ ಹಣವಿದೆಯೇ ಎಂದು ಅಧಿಕಾರಿ ಕೇಳುವ ಹಕ್ಕಿದೆ. ಒಂದು ಪ್ರವಾಸಕ್ಕೆ ಸಾಮಾನ್ಯವಾಗಿ 3,000 ಡಾಲರ್‌ವರೆಗಿನ ವಿದೇಶಿ ನೋಟುಗಳನ್ನು ಒಯ್ಯಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ, ಉಳಿದದ್ದನ್ನು ಫಾರೆಕ್ಸ್ ಕಾರ್ಡಿಗೆ ಹಾಕಿಸಬಹುದು. ನೋಟು ಕೊಂಡ ರಸೀದಿಯನ್ನು ಎಸೆಯಬೇಡಿ.

ಹತ್ತನೇ ತರಗತಿ ಪಾಸಾಗದ ಹಿರಿಯರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮುದ್ರೆ ಇರುವುದುಂಟು. ನೌಕರಿಗೆ ಹೋಗುವಾಗ ವಲಸೆ ಇಲಾಖೆಯ ಅನುಮತಿ ಬೇಕು ಎಂಬುದು ಅದರ ಅರ್ಥ, ಅದು ಅನ್ವಯವಾಗುವ 18 ದೇಶಗಳಲ್ಲಿ ಮಲೇಷ್ಯಾ, ಥಾಯ್ಲೆಂಡ್ ಎರಡೂ ಇವೆ. ಪ್ರವಾಸಕ್ಕೆ ಹೋಗುವವರಿಗೆ ಆ ಅನುಮತಿ ಬೇಕಿಲ್ಲ. ಆದರೆ ನಮ್ಮದೇ ದೇಶದ ಇಮಿಗ್ರೇಷನ್ ಕೌಂಟರಿನಲ್ಲಿ ಅವರಿಗೆ ಪ್ರಶ್ನೆಗಳು ಹೆಚ್ಚು ಬರುತ್ತವೆ, ಆದ್ದರಿಂದ ಮರಳುವ ಟಿಕೆಟ್ ಮತ್ತು ಹೋಟೆಲಿನ ಕಾಗದಗಳ ಪ್ರತಿ ಮಗನ ಮೊಬೈಲಿನಲ್ಲಷ್ಟೇ ಅಲ್ಲ, ಅವರ ಕೈಯಲ್ಲೇ ಇರಬೇಕು. ಈ ಎಚ್ಚರ ಅತಿಯೆಂದು ನನಗನಿಸುವುದಿಲ್ಲ. ನೌಕರಿಯ ಆಸೆಗೆ ಥಾಯ್ಲೆಂಡಿಗೆ ಪ್ರವಾಸಿಗರಾಗಿ ಹೋಗಿ, ಗಡಿಯಾಚೆಯ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ವೀಸಾ ವಿನಾಯಿತಿಯಲ್ಲಿ ಹೋಗಿ ಕೆಲಸ ಮಾಡುವಂತಿಲ್ಲ. ಅಲ್ಲಿ ಹೋದ ಮೇಲೆ ಬದಲಾಯಿಸಿಕೊಡುತ್ತೇವೆ ಎನ್ನುವ ಏಜೆಂಟನನ್ನು ಮನೆಯ ಮೆಟ್ಟಿಲು ಹತ್ತಿಸಬಾರದು.

ಕೊನೆಯ ಮೂರು ದಿನಗಳಲ್ಲಿ ಮಾಡಬೇಕಾದ ಕೆಲಸವೊಂದಿದೆ. ಮಲೇಷ್ಯಾಕ್ಕೆ ಎಂಡಿಎಸಿ, ಥಾಯ್ಲೆಂಡಿಗೆ 2025ರ ಮೇ 1ರಿಂದ ಟಿಡಿಎಸಿ ಎಂಬ ಡಿಜಿಟಲ್ ಆಗಮನ ಪತ್ರವನ್ನು ತಲುಪುವ ದಿನಕ್ಕೆ ಹಿಂದಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಮಗುವಿಗೂ ಪ್ರತ್ಯೇಕವಾಗಿ. ಎರಡಕ್ಕೂ ಶುಲ್ಕವಿಲ್ಲ. ಹುಡುಕಿದಾಗ ಮೊದಲು ಕಾಣುವ ತಾಣಗಳಲ್ಲಿ ಹಣ ಕೇಳುವ ನಕಲಿಗಳೂ ಇರುತ್ತವೆ. ವಿಳಾಸ ಥಾಯ್ಲೆಂಡಿನದಾದರೆ ಜಿಒ ಡಾಟ್ ಟಿಎಚ್ ಎಂದೂ, ಮಲೇಷ್ಯಾದ್ದಾದರೆ ಜಿಒವಿ ಡಾಟ್ ಎಂವೈ ಎಂದೂ ಕೊನೆಗೊಳ್ಳುತ್ತದೆಯೇ ನೋಡಿಕೊಳ್ಳಿ. ಮಾಲ್ಡೀವ್ಸ್‌ಗೂ ಇಂಥದೇ ಒಂದು ಘೋಷಣೆ ಇದೆ, ಅದನ್ನು 96 ಗಂಟೆಗಳೊಳಗೆ ಸಲ್ಲಿಸಬೇಕು.

ನೇಪಾಳ, ಭೂತಾನ್‌ಗಳಿಗೆ ಪಾಸ್‌ಪೋರ್ಟ್ ಇಲ್ಲದವರು ಮತದಾರರ ಗುರುತಿನ ಚೀಟಿಯಲ್ಲಿ ಹೋಗಬಹುದು. ಆಧಾರ್ ಸಾಕಾಗುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ಭೂತಾನಿನಲ್ಲಿ ಭಾರತೀಯರು ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕವನ್ನೂ ಕಟ್ಟಬೇಕು.

ದಿನಗಳ ಲೆಕ್ಕವನ್ನು ಸಡಿಲವಾಗಿ ತೆಗೆದುಕೊಳ್ಳಬೇಡಿ. ಇಳಿದ ದಿನವೇ ಮೊದಲನೆಯ ದಿನ, ಥಾಯ್ಲೆಂಡಿನಲ್ಲಾದರೆ ಕೊನೆಯ ದಿನಾಂಕವನ್ನು ಅಧಿಕಾರಿ ಪಾಸ್‌ಪೋರ್ಟಿನಲ್ಲೇ ಮುದ್ರೆ ಒತ್ತಿ ಕೊಡುತ್ತಾರೆ. ಥಾಯ್ಲೆಂಡಿನಲ್ಲಿ ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000 ಬಾತ್. ವಿನಾಯಿತಿ ಕೊಟ್ಟ ದೇಶ ಅದನ್ನು ಹಿಂತೆಗೆದುಕೊಳ್ಳಲೂಬಹುದು: 2024ರ ಫೆಬ್ರವರಿಯಲ್ಲಿ ಭಾರತೀಯರಿಗೆ ವೀಸಾ ಬೇಡವೆಂದ ಇರಾನ್, 2025ರ ನವೆಂಬರ್ 22ರಿಂದ ಆ ಸೌಲಭ್ಯವನ್ನು ತಡೆಹಿಡಿಯಿತು. ಆದ್ದರಿಂದ ಹಣ ಕಟ್ಟುವ ಮುನ್ನ ಒಮ್ಮೆ, ಹೊರಡುವ ವಾರದಲ್ಲಿ ಇನ್ನೊಮ್ಮೆ ಆಯಾ ರಾಯಭಾರ ಕಚೇರಿಯ ತಾಣವನ್ನು ನೋಡಿ. ನನ್ನ ಈ ಬರಹವನ್ನೂ ಸೇರಿಸಿ, ಬೇರೆ ಯಾರು ಹೇಳಿದ ದಿನಗಳ ಸಂಖ್ಯೆಯನ್ನು ನಂಬಿಯೂ ಟಿಕೆಟ್ ಮಾಡಿಸಬೇಡಿ.